ಹದಕ್ಕಿಟ್ಟ ಕತ್ತಿ

ಸೆ. 28, ಭಾನುವಾರ

ಕಬ್ಬಿಣ ನಲವತ್ತು, ತಾಮ್ರ ಹನ್ನೆರಡು. ಹಿಡಿ ಆಯಿತು, ಚರ್ಮದ ಸುತ್ತೂ ಆಯಿತು. ಅಲಗಿನ ಒಳತಿರುಳು, ಬ್ಲೇಡ್ ಕೋರ್ ಒಂದೇ ಬಾಕಿ. ಗೇಮಿನಲ್ಲಿ ನಾನು ಕಮ್ಮಾರ, ಗೆಳೆಯ ಕದಿರೇಶ ಕಾದಾಡುವವನು; ಈ ಹೊಸ ಕತ್ತಿ ಅವನಿಗೇ. ನಾಲ್ಕು ವರ್ಷದಿಂದ ಹೀಗೇ. ಟೇಕಲ್‌ನಿಂದ ಫೋನ್ ಮಾಡಿದ. ಕೋರಿಗೆ ತನ್ನ ಹಳೇ ಕತ್ತಿಯನ್ನೇ ಕರಗಿಸು ಅಂದ. ಬೇಡ ಕಣೋ, ಕೆಟ್ಟರೆ ನಿನಗೆ ಬರಿಗೈ ಅಂದೆ. ನಕ್ಕ.

"ಮಾಧವ, ನಿನ್ ಕೈಯಲ್ಲಿ ಯಾವತ್ ಕೆಟ್ಟೈತೆ ಹೇಳ್ಲಾ."

ಸೆ. 30, ಸಂಜೆ 6.00

ನಾಳೆ ರಜೆ ಅಂತ ಕೋಲಾರದ ಆಫೀಸಿನಲ್ಲಿ ಇವತ್ತೇ ಆಯುಧಪೂಜೆ ಮುಗಿಸಿದರು. ಕಡಲೆಪುರಿ ಪೊಟ್ಟಣ ಹಿಡಿದು ಮುಳಬಾಗಿಲಿನ ಬಸ್. ಬಂದವನೇ ಗೇಮ್ ತೆರೆದು ಕದಿರೇಶನ ಕತ್ತಿ ಕರಗಿಸಿ ಕೋರನ್ನು ಕುಲುಮೆಗಿಟ್ಟೆ. ಇಪ್ಪತ್ತನಾಲ್ಕು ಗಂಟೆ ಹದ. ನಾಳೆ ಆರರಿಂದ ಆರೂವರೆಯೊಳಗೆ ತೆಗೆಯಬೇಕು, ತಪ್ಪಿದರೆ ಬೂದಿ. ಪೂಜೆ ಮುಗಿಯಿತಲ್ಲ, ನಾಳೆ ಪೂರ್ತಿ ಬಿಡುವು.

ಅ. 1, ಬೆಳಗ್ಗೆ 11

ಥೂ, ನನ್ನ ಬುದ್ಧಿಗಿಷ್ಟು! ಆಫೀಸಿನಲ್ಲಿ ಮುಗಿದರೆ ಮನೆಯಲ್ಲೂ ಮುಗಿದಂತೆಯೇ? ಸ್ನಾನ ಮಾಡಿ ಬರುವಷ್ಟರಲ್ಲಿ ಅಜ್ಜಿ ಲ್ಯಾಪ್‌ಟಾಪ್ ಒಯ್ದು ದೇವರ ಮುಂದೆ, ಈಳಿಗೆಮಣೆ ಪಕ್ಕ ಇಟ್ಟಿದ್ದಾರೆ. ಮೇಲೆ ಕುಂಕುಮ, ಸೇವಂತಿಗೆ. ನಾಳೆ ಆರತಿಯಾಗುವವರೆಗೆ ಮುಟ್ಟುವಂತಿಲ್ಲ. ಗೇಮ್ ಇರುವುದು ಅದೊಂದರಲ್ಲೇ…

ಸಂಜೆ 5.40

ಕೂತರೆ ಆಗಲ್ಲ, ನಿಂತರೆ ಆಗಲ್ಲ. ಹಜಾರದಲ್ಲಿ ಎಷ್ಟು ಸಲ ಓಡಾಡಿದೆನೋ. ಕೊನೆಗೆ, ಗೇಮಿನ ಕತ್ತಿ ಕೆಟ್ಟುಹೋಗುತ್ತೆ, ಲ್ಯಾಪ್ಟಾಪ್ ತಗೊಳ್ಳಲಾ ಅಂತ ಅಜ್ಜಿಯನ್ನು ಕೇಳಿಯೇಬಿಟ್ಟೆ. ಕತ್ತಿ ಯಾರದು ಅಂದರು. ಕದಿರೇಶನದು ಅಂದೆ. ತುಸು ಯೋಚಿಸಿದರು.

"ಇನ್ನೊಬ್ಬರ ವಸ್ತು ಅಂದ್ರೆ ತಗೋಪ್ಪ. ದೇವರು ಏನೂ ಅಂದ್ಕೊಳ್ಳಲ್ಲ."

6.45

ಮೂರು ಸಲ ಕೈ ಚಾಚಿದೆ. ಮುಟ್ಟಲಾಗಲಿಲ್ಲ. ಏನಾದರೂ ಆಗಿಬಿಟ್ಟರೆ ಅಂತ ಭಯ. ಇಂಥದ್ದನ್ನೆಲ್ಲ ನಂಬಲ್ಲ ಅಂತ ಎಲ್ಲರೆದುರು ಬಡಾಯಿ ಕೊಚ್ಚುವವನೂ ನಾನೇ. ಆರೂವರೆ ದಾಟಿತು. ಕದಿರೇಶನಿಗೆ ಫೋನ್ ಮಾಡಿ, ಅಜ್ಜಿ ಬಿಡಲಿಲ್ಲ ಅಂದೆ. ಬಾಯಿಗೆ ಅದೇ ಬಂತು. ಹಂಗಾದ್ರೆ ಕತ್ತಿ ಹೋಯ್ತಾ ಅಂದ. ಆಮೇಲೆ, ಪಾಪ ದೊಡ್ಡವರು, ಏನೂ ಅನ್ನಬೇಡ ಅಂದ.

ಅ. 5, ಭಾನುವಾರ, ಮಧ್ಯಾಹ್ನ

ಕದಿರೇಶ ಮನೆಗೆ ಬಂದಿದ್ದ. ನಾಲ್ಕು ದಿನದಿಂದ ಗೇಮಿನ ಕಡೆ ತಲೆ ಹಾಕಿರಲಿಲ್ಲ. ಅಜ್ಜಿ ಕಾಫಿ ತಂದುಕೊಟ್ಟರು. ಲೋಟ ತಗೊಂಡು ನಗುತ್ತಲೇ ಕೇಳಿದ.

"ಅವತ್ತು ನೀವು ಬಿಡ್ಲಿಲ್ವಂತೆ, ಅಜ್ಜಿ?"

ಅಜ್ಜಿ ಒಮ್ಮೆ ನನ್ನ ಮುಖ ನೋಡಿದರು.

"ಹೌದಪ್ಪ. ತಪ್ಪು ನಂದೇ."

ಅವನು ಅವರ ಕಾಲಿಗೆ ನಮಸ್ಕಾರ ಮಾಡಿ ಹೊರಟ. ಬಸ್ಸು ಇನ್ನೂ ಕೋಲಾರ ಮುಟ್ಟಿರಲ್ಲ. ಆಗಿನಿಂದ ಅಜ್ಜಿ ನನ್ನ ಜೊತೆ ಮಾತಾಡಿಲ್ಲ. ನಾಚಿಕೆಯಾಗುತ್ತಿದೆ. ನಿಜ ಹೇಳಿಬಿಡೋಣ ಅಂತ ಕದಿರೇಶನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟಿದ್ದೇನೆ. ರಿಂಗಾಗುತ್ತಿದೆ… ಎತ್ತಿದ —