ಕೆಂಪು ದಾರದ ಪೈಪು

ಅಪ್ಪಾ,

ಮೊದಲಿಗೆ ಸಾರಿ. ನನ್ನ ತಪ್ಪು ಕನ್ನಡಕ್ಕಲ್ಲ, ಅದನ್ನು ನೀವು ಹೇಗೂ ಹೊಟ್ಟೆಗೆ ಹಾಕಿಕೊಳ್ಳುತ್ತೀರಿ. ಈ ಕಾಗದ ಬರೆಯುತ್ತಿರುವುದಕ್ಕೇ ಸಾರಿ. ನಿಮಗೇನೂ ಹೇಳುವುದಿಲ್ಲ ಎಂದು ನಿನ್ನೆ ಸಂಜೆಯಷ್ಟೇ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಮೂರು ವರ್ಷ ನಿಮ್ಮ ಕರೆ ಎತ್ತದೆ ಕೂತವಳು ಈಗ ತಾನಾಗಿ ಮಾಡಿದರೆ, "ಹಲೋ" ಆದಮೇಲೆ ಏನು ಹೇಳಬೇಕೋ ಗೊತ್ತಿಲ್ಲ. ಕಾಗದವಾದರೆ ಹೇಗೋ ಕೈ ಓಡುತ್ತದೆ.

ಅಡುಗೆಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿನ ಗೋಡೆಯಲ್ಲಿ ನಮ್ಮ ವಾಟರ್ ಫಿಲ್ಟರ್ ಹೊಟ್ಟೆ ಬಗೆಸಿಕೊಂಡು ನೇತಾಡುತ್ತಿದೆ. ಬಗೆದವಳು ನಾನೇ.

ರಜೆಗೆ ಬಂದಿದ್ದೇನೆ. ಹೋದ ತಿಂಗಳು ಕಾಲೇಜ್ ಹಾಸ್ಟೆಲ್ಲಿನಲ್ಲಿ ನೀರು ಕೆಟ್ಟು, ಅರ್ಧಕ್ಕರ್ಧ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಮಲಗಿದ್ದೆವು. ಅಲ್ಲಿಯ ಫಿಲ್ಟರ್ ಬಿಚ್ಚಿಸಿದರೆ ಒಳಗೆ ಕೊಳೆ ಹಿಡಿಯುವ ಕ್ಯಾಂಡಲ್ಲು ಚರಂಡಿಯಿಂದ ಎತ್ತಿದ ಹಾಗಿತ್ತು. ವಾರ್ಡನ್ ಮೇಡಂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹಿಂದೆ ಸರಿದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ: ನಮ್ಮ ಮನೆಯ ಫಿಲ್ಟರ್? ನೀವು ಹೋದಮೇಲೆ ಅದನ್ನು ಮುಟ್ಟಿದವರು ಯಾರು? ಅಮ್ಮನನ್ನು ಫೋನಿನಲ್ಲಿ ಕೇಳಿದರೆ ನಕ್ಕುಬಿಟ್ಟಳು. ಅದು ಗಟ್ಟಿ ಜೀವ, ಕೆಡುವುದೇ ಇಲ್ಲ ಅಂದಳು. ಕೆಡದ ಫಿಲ್ಟರ್ ಎಲ್ಲಾದರೂ ಉಂಟೇ? ಅಮ್ಮ ದಿನಾ ವಿಷ ಕುಡಿಯುತ್ತಿದ್ದಾಳೆ, ನಾನು ಇಲ್ಲಿ ಕೆಮಿಸ್ಟ್ರಿ ಓದುತ್ತಾ ಕೂತಿದ್ದೇನೆ ಎಂದು ಒದ್ದಾಡಿದೆ. ಪೆನ್ಸಿಲ್ ಮೊನೆ ಮುರಿದರೂ ಆಕಾಶ ಕಳಚಿಬಿತ್ತು ಅನ್ನುವವಳು ನಾನು. ನಿಮಗೆ ಹೊಸದಾಗಿ ಹೇಳಬೇಕೇ?

ನಿನ್ನೆ ಅಮ್ಮ ಹಲ್ಲಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋದ ಕೂಡಲೇ ಶುರುಮಾಡಿದೆ. ಕ್ಯಾಂಡಲ್ಲು, ಕಾರ್ಬನ್ನು, ಉಪ್ಪು ತಡೆಯುವ ಮೆಂಬ್ರೇನು ಎಲ್ಲ ಹೊಸದು ತಂದಿದ್ದೆ. ವಿಡಿಯೋ ನೋಡಿ ನೋಡಿ ಬಾಯಿಪಾಠವಾಗಿತ್ತು. ಮೊದಲು ಟಿಡಿಎಸ್ ಮೀಟರ್ ಅದ್ದಿದೆ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುವ, ಪೆನ್ನಿನಂಥದ್ದು ಅದು. ಹಾಸ್ಟೆಲ್ ನೀರಿಗೆ ಎದೆ ಧಸಕ್ಕೆನ್ನುವ ಅಂಕಿ ತೋರಿಸಿದ ಮೀಟರ್, ನಮ್ಮ ಮನೆಯ ಫಿಲ್ಟರ್ ನೀರಿಗೆ ಅದರ ಹತ್ತರಲ್ಲಿ ಒಂದು ಪಾಲೂ ತೋರಿಸಲಿಲ್ಲ. ಮೀಟರ್ ಕೆಟ್ಟಿದೆ ಎಂದು ಪಕ್ಕಕ್ಕೆಸೆದೆ. ನೋಡಿ ನನ್ನ ಬುದ್ಧಿ.

ನಲ್ಲಿಯ ವಾಲ್ವ್ ಮುಚ್ಚಿ, ಪ್ಲಗ್ ಕಿತ್ತು, ಟ್ಯಾಂಕಿನ ನೀರು ಬಸಿದು ಮುಚ್ಚಳ ತೆಗೆದೆ. ಒಳಗೆ ಪೈಪುಗಳಿಗೆ ಬಣ್ಣದ ದಾರ ಕಟ್ಟಿತ್ತು. ನೀವು ಅದನ್ನು ಗೋಡೆಗೆ ಹಾಕಿದ ದಿನ ನೆನಪಾಯಿತು. ಮೆಕ್ಯಾನಿಕ್ ಮಧ್ಯಾಹ್ನ ಬರುತ್ತಾರೆ ಅಂದರೂ ಕೇಳದೆ ಸ್ಟೂಲ್ ಹತ್ತಿದ್ದಿರಿ. ಯೂನಿಫಾರ್ಮ್ ಹೊಲಿಯುವ ಟೈಲರಿಗೆ ಗೋಡೆ ಕೊರೆಯುವ ಉಸಾಬರಿ ಯಾಕೆ ಎಂದು ಅಮ್ಮ ಚುಚ್ಚಿದ್ದಳು. ನೀವು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೇಳಿದ್ದಿರಿ: "ಇದೂ ಅಳತೆ ಕೆಲಸಾನೇ ಕಣೇ. ಅಂಗೀಲಿ ತಪ್ಪಿದ್ರೆ ಕಂಕಳು ಹಿಡಿಯುತ್ತೆ, ಇದ್ರಲ್ಲಿ ತಪ್ಪಿದ್ರೆ ನೆಲ ನೆನೆಯುತ್ತೆ, ಅಷ್ಟೇ." ಪೈಪುಗಳೆಲ್ಲ ಒಂದೇ ಬಿಳಿ. ಅಮ್ಮನಿಗೂ ನನಗೂ ಗೊಂದಲವಾಗಬಾರದೆಂದು ನಿಮ್ಮ ದಾರದ ಡಬ್ಬಿ ತರಿಸಿದಿರಿ. ಕುಡಿಯುವ ನೀರಿನ ಪೈಪಿಗೆ ಕೆಂಪು, ಚೆಲ್ಲುವ ನೀರಿನದಕ್ಕೆ ಕಪ್ಪು, ನಲ್ಲಿಯಿಂದ ಬರುವುದಕ್ಕೆ ನೀಲಿ. ಬಾಬಿನ್, ರೀಲು ಹಿಡಿ ಅಂದಿರಿ, ಹಿಡಿದುಕೊಂಡೆ. ಮೆಷಿನ್ನಿನ ದಾರದ ಬಾಬಿನ್ನಿನಂತೆ ಗುಂಡಗೆ ಇದ್ದು ಮನೆಯೆಲ್ಲ ಸುತ್ತುತ್ತಿದ್ದ ನನಗೆ ಆ ಹೆಸರಿಟ್ಟವರೂ ನೀವೇ.

ಅದೆಲ್ಲ ನೆನಪಾಗಿಯೂ ಆ ದಾರಗಳನ್ನು ಕತ್ತರಿಯಲ್ಲಿ ಕಚಕಚ ಕತ್ತರಿಸಿ ಹಾಕಿದೆ ಅಪ್ಪ. ಬಿಟ್ಟುಹೋದವರ ದಾರ ಯಾರಿಗೆ ಬೇಕು ಎಂದು. ಪೈಪುಗಳನ್ನೂ ಒಂದೊಂದಾಗಿ ಕಿತ್ತೆ. ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ ಎಂದು ವಿಡಿಯೋದಲ್ಲಿ ಹೇಳಿದ್ದರು. ಫೋನಿನಲ್ಲಿ ಆ ವಿಡಿಯೋವೇ ಓಡುತ್ತಿತ್ತು. ನಿಲ್ಲಿಸುವಷ್ಟು ತಾಳ್ಮೆ ಇರಲಿಲ್ಲ.

ಆಮೇಲೆ ಕ್ಯಾಂಡಲ್ಲು ಇರುವ ಹೊರಗಿನ ಬಟ್ಟಲು ತಿರುಗಿಸಿ ಬಿಚ್ಚಿದೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದೆ, ಅಷ್ಟು ತಯಾರಿ. ಕ್ಯಾಂಡಲ್ಲು ಹೊರಗೆ ಬಂತು. ಬೆಳ್ಳಗಿತ್ತು. ಇಸ್ತ್ರಿ ಮಾಡಿದ ಕಾಲರಿನಷ್ಟು ಬೆಳ್ಳಗೆ. ನನ್ನ ಕೈಯಲ್ಲಿದ್ದ ಹೊಸದಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

ಕೆಳಗೆ ಬಿದ್ದಿದ್ದ ದಾರ ಎತ್ತಿ ನೋಡಿದೆ. ವರ್ಷಗಟ್ಟಲೆ ಆ ಒದ್ದೆಯಲ್ಲಿದ್ದ ಕೆಂಪು ಮಾಸಿ ಮಣ್ಣಾಗಿರಬೇಕಿತ್ತು. ಇದು ಈಗಷ್ಟೇ ರೀಲಿನಿಂದ ಬಿಚ್ಚಿದಂತಿತ್ತು. ಗಂಟು ನೋಡಿದೆ. ಅಂಗಿಗೆ ಗುಂಡಿಯ ಕಾಜಾ ಹೊಲಿದು ಮುಗಿಸುವಾಗ ಎರಡು ಸಲ ಕುಣಿಕೆಯಲ್ಲಿ ತೂರಿಸಿ ಎಳೆಯುತ್ತೀರಲ್ಲ, ಆ ಗಂಟು. ಲೋಕದಲ್ಲಿ ಇನ್ಯಾರು ಪೈಪಿಗೆ ಕಾಜಾ ಗಂಟು ಹಾಕುತ್ತಾರೆ? ಕಳ್ಳ ನುಗ್ಗಿದ್ದರೂ ನಾನು ಹಾಗೆ ಬೆಚ್ಚುತ್ತಿರಲಿಲ್ಲವೇನೋ. ನೀವು ಇನ್ನೂ ಒಳಗೇ ಎಲ್ಲೋ ನಿಂತಿದ್ದೀರೇನೋ ಎಂಬಂತೆ ಎದ್ದು ರೂಮು ರೂಮು ನೋಡಿಬಂದೆ. ಬಾತ್‌ರೂಮಿನ ಬಾಗಿಲು ಕೂಡ ತಟ್ಟಿದೆ, ನಗಬೇಡಿ.

ಹತ್ತನೇ ಕ್ಲಾಸಿನ ರಜೆಗೆ ಸ್ಕೂಲ್ ಹಾಸ್ಟೆಲ್ಲಿನಿಂದ ಬಂದಾಗ ನಿಮ್ಮ ಮೆಷಿನ್ ಇದ್ದ ಜಾಗ ಖಾಲಿ ಇತ್ತು. ನೆಲದಲ್ಲಿ ಅದರ ಕಾಲುಗಳ ಗುರುತು ಮಾತ್ರ. ಅಮ್ಮನನ್ನು ಕೇಳಿದರೆ, ಅವರಿಗೆ ಈ ಮನೆ ಸಾಕಾಯಿತಂತೆ ಅಂದಳು. ಫೋನಿನಲ್ಲಿ ನಿಮ್ಮನ್ನು ಕೇಳಿದರೆ ಅಮ್ಮನನ್ನೇ ಕೇಳು ಅಂದಿರಿ. ಇಬ್ಬರೂ ಹೇಳಲಿಲ್ಲ, ನನಗೆ ನಾನೇ ಹೇಳಿಕೊಂಡೆ: ಬಿಟ್ಟುಹೋದರು. ಯಾರಾದರೂ ಕೇಳಿದರೆ ಹಾಗೇ ಹೇಳಿದೆ. ಆ ಮಾತಿನ ಮೇಲೇ ಇಷ್ಟು ದಿನ ನಿಂತಿದ್ದೆ ಅಪ್ಪ. ಒಂದು ಕ್ಯಾಂಡಲ್ಲು ಬೆಳ್ಳಗಿದ್ದುದಕ್ಕೆ ಅದು ಕುಸಿದುಬಿತ್ತು.

ಸಂಜೆ ಅಮ್ಮ ಬಂದಳು. ಅಡುಗೆಮನೆಯೆಲ್ಲ ನೀರು, ನಡುವೆ ಪಾನಾ ಹಿಡಿದು ನಾನು. ಬೈಗುಳಕ್ಕೆ ಬೆನ್ನು ಕೊಟ್ಟು ಕೂತೆ. ಅವಳು ನೀರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಗ್ಗಿ ದಾರದ ಚೂರುಗಳನ್ನು ಆರಿಸತೊಡಗಿದಳು.

"ಇದನ್ನ ಯಾಕೆ ಕತ್ತರಿಸ್ದೆ?" ಅಂದಳು. ಆಮೇಲೆ ತನಗೇ ಹೇಳಿಕೊಳ್ಳುವಂತೆ, "ಮೊನ್ನೆ ತಾನೇ ಕಟ್ಟಿ ಹೋಗಿದ್ರು."

ಅಪ್ಪಾ, ನೀವು ಬಂದುಹೋಗುವುದು ಅಮ್ಮನಿಗೆ ಗೊತ್ತು. ನಿಮಗೆ ಇದನ್ನು ಓದುತ್ತಾ ಏನಾಗುತ್ತಿದೆಯೋ ನನಗೆ ಗೊತ್ತಿಲ್ಲ. ಅವಳಿಗೆ ಮೊದಲಿನಿಂದಲೂ ಗೊತ್ತು.

ಸ್ಟೂಲ್ ಮೇಲೆ ಕೂತು ಹೇಳಿದಳು. ನೀವು ಮನೆ ಬಿಟ್ಟ ವರ್ಷವೇ ಫಿಲ್ಟರ್ ಬದಲಿಸುವ ಕಾಲ ಬಂದು ಅದರ ಅಲಾರಂ ಕೂಗಲು ಶುರುಮಾಡಿತಂತೆ. ಅಮ್ಮ ಹಟಕ್ಕೆ ಯಾರನ್ನೂ ಕರೆಯಲಿಲ್ಲವಂತೆ. ಮಹಡಿ ಮನೆಯ ಆಂಟಿ ಬಂದು, ಏನ್ರೀ, ಹಕ್ಕಿ ಸಾಕಿದ್ದೀರಾ ಎಂದು ಕೇಳುವವರೆಗೂ ಕೂಗಿದೆ. ಒಂದು ಸಂಜೆ ಕ್ಲಿನಿಕ್ಕಿನಿಂದ ಬಂದರೆ ಮನೆ ನಿಶ್ಶಬ್ದ. ನೆಲ ಒರೆಸಿದೆ. ಬಾಲ್ಕನಿಯ ಕುಂಡಗಳೆಲ್ಲ ಒದ್ದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಮೊದಲ ಟ್ಯಾಂಕಿನ ನೀರು ಕುಡಿಯಬಾರದಲ್ಲ, ಅದನ್ನು ಚರಂಡಿಗೆ ಬಿಡಲು ನಿಮಗೆ ಮನಸ್ಸಾಗಿರಲಿಲ್ಲ. ಸಿಂಕಿನ ಎಡಕ್ಕೆ ಒಂದು ಲೋಟ, ತೊಳೆದು ಬೋರಲು ಹಾಕಿದ್ದು. ಈ ಮನೆಯಲ್ಲಿ ಎಡಕ್ಕೆ ಬೋರಲು ಹಾಕುವವರು ಒಬ್ಬರೇ.

ಬೀಗ ಬದಲಿಸು ಎಂದು ದೊಡ್ಡಮ್ಮ ಸಿಕ್ಕಾಗಲೆಲ್ಲ ಹೇಳುತ್ತಾರೆ. ಬೀಗ ಚೆನ್ನಾಗೇ ಇದೆಯಲ್ಲ ಅಂತಾಳೆ ಅಮ್ಮ. ನಿಮ್ಮ ಹತ್ತಿರ ಕೀ ಇದೆ ಎಂದು ಅವಳಿಗೆ ನೆನಪಿದೆ. ನೀವು ಬರುವ ಕಾಲ ಹತ್ತಿರವಾದಾಗ ಫಿಲ್ಟರಿನ ಕೆಳಗಿನ ಡಬ್ಬಿಗಳನ್ನು ಸರಿಸಿಡುತ್ತಾಳೆ. ಸ್ಟೂಲ್ ತಂದಿಡುತ್ತಾಳೆ. ನೀವು ನೀರು ಕುಡಿಯಲೆಂದು ಕಿಟಕಿಯಲ್ಲಿ ಲೋಟ ಇಡುತ್ತಾಳೆ. ನಿಮಗೆ ಯಾವತ್ತೂ ಅನುಮಾನ ಬರಲಿಲ್ಲವೇ? ಸ್ಟೂಲ್ ತಾನಾಗಿ ನಡೆದುಬಂದಿತು ಅಂದುಕೊಂಡಿರೇ?

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಇದ್ದರೆ ಕರೆದು ಮಾತಾಡಲು ಏನು ಧಾಡಿ ಎಂದು ಕೇಳಿದೆ. ಅಮ್ಮ ದಾರದ ಚೂರುಗಳನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

"ಮಾತಾಡಿದ್ರೆ ಜಗಳ ಆಗುತ್ತೆ ಕಣೇ. ಇದ್ರಲ್ಲಿ ಜಗಳ ಇಲ್ಲ. ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾದ್ರೆ ಮತ್ತೆ ಬರಲ್ಲ. ನೀನು ಹೇಳ್ಬೇಡ."

ಹೇಳುವುದಿಲ್ಲ ಅಂದೆ. ಆ ಹೊತ್ತಿಗೆ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಎಲ್ಲವನ್ನೂ ವಾಪಸ್ ಜೋಡಿಸಿ, ಏನೂ ಆಗಿಲ್ಲ ಎಂಬಂತೆ ಮಾಡಿಬಿಡೋಣ ಎಂದು ಕೂತೆ. ವಿಡಿಯೋದ ಮಾಡೆಲ್ ಬೇರೆ, ನಮ್ಮದು ಬೇರೆ. ಅಂದಾಜಿನಲ್ಲಿ ಸಿಕ್ಕಿಸಿ ನೀರು ಬಿಟ್ಟೆ. ಲೋಟ ತುಂಬಿತು. ಕುಡಿದು ನೋಡಿದರೆ ಬಾಯೆಲ್ಲ ಉಪ್ಪುಪ್ಪು. ಮೀಟರ್ ಅದ್ದಿದೆ, ಅಂಕಿ ಹಾರಿ ಕೂತಿತು. ಚೆಲ್ಲುವ ನೀರು ಲೋಟಕ್ಕೆ, ಕುಡಿಯುವ ನೀರು ಚರಂಡಿಗೆ. ಮೀಟರ್ ಕೆಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು.

ಮೆಕ್ಯಾನಿಕ್ ಕರೆಯೋಣ ಅಂದರೆ ಅಮ್ಮ ಬೇಡ ಅಂದಳು. ನನಗೂ ಯೋಚಿಸಿದರೆ ಭಯವಾಗುತ್ತದೆ. ಅವರು ದಾರದ ಬದಲು ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಗಿದು ಹೋಗುತ್ತಾರೆ. ಮುಂದಿನ ಸಲ ನೀವು ಬಂದು ಮುಚ್ಚಳ ತೆಗೆದು ಅದನ್ನು ನೋಡುತ್ತೀರಿ. ಏನೂ ಕೇಳುವುದಿಲ್ಲ, ಕೇಳುವ ಜಾಯಮಾನ ನಿಮ್ಮದಲ್ಲ. ಮುಚ್ಚಳ ಹಾಕಿ, ಕೀಯನ್ನು ಬಾಗಿಲ ಕೆಳಗೆ ತೂರಿಸಿ ಹೋಗಿಬಿಡುತ್ತೀರಿ. ಅಲ್ಲಿಗೆ ಮುಗಿಯಿತು. ಅದಕ್ಕೇ ಅಮ್ಮ ನೀರು ಕುದಿಸಿ, ಸೋಸಿ ಕುಡಿಯುತ್ತಿದ್ದಾಳೆ. ಈ ಉಪ್ಪು ನೀರು ಕುದಿಸಿದರೆ ಉಪ್ಪು ಹೋಗುವುದಿಲ್ಲ ಎಂದು ಕೆಮಿಸ್ಟ್ರಿ ಓದಿದವಳಾಗಿ ಹೇಳಿದೆ. ಗೊತ್ತು ಅಂದಳು. ದಾರದ ಚೂರುಗಳು ಗುಂಡಿ ಡಬ್ಬಿ ಸೇರಿವೆ.

ಅವಳ ಮಾತು ಮೀರಿ ಬರೆದಿದ್ದೇನೆ. ಇದನ್ನು ಓದಿ ನೀವು ಬರುವುದನ್ನು ನಿಲ್ಲಿಸಿದರೆ ಅಮ್ಮ ನನ್ನ ಮುಖ ನೋಡಲಾರಳು, ನಾನೂ ಕನ್ನಡಿ ನೋಡಲಾರೆ. ನಾಚಿಕೆ ಆಗುತ್ತಿದ್ದರೆ ಪಟ್ಟುಕೊಳ್ಳಿ, ಆದರೆ ನಿಲ್ಲಿಸಬೇಡಿ. ಬೇಕಿದ್ದರೆ ಈ ಕಾಗದ ತಲುಪಲೇ ಇಲ್ಲ ಅಂದುಕೊಳ್ಳಿ. ನೀವಿಬ್ಬರೂ ಅಂದುಕೊಳ್ಳುವುದರಲ್ಲಿ ಎಕ್ಸ್‌ಪರ್ಟ್‌ಗಳು.

ಸೋಮವಾರ ನಾನು ಹಾಸ್ಟೆಲ್ಲಿಗೆ ಹೊರಡುತ್ತೇನೆ, ಅಮ್ಮ ಕ್ಲಿನಿಕ್ಕಿಗೆ ಹೋಗುತ್ತಾಳೆ. ಮನೆ ಖಾಲಿ ಇರುತ್ತದೆ. ಹಿಂದಿನ ದಿನ ಭಾನುವಾರ, ಇಬ್ಬರೂ ಮನೆಯಲ್ಲೇ ಇರುತ್ತೇವೆ. ಯಾವ ದಿನ ಬರುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಸ್ಟೂಲ್ ಎರಡು ದಿನವೂ ಅಲ್ಲೇ ಇರುತ್ತದೆ, ಲೋಟವೂ. ಕೆಂಪು ದಾರ ಮಾತ್ರ ನೀವೇ ತರಬೇಕು.

ಸೂಜಿ ಪೋಣಿಸುವಾಗ ಕನ್ನಡಕ ಹಾಕಿಕೊಳ್ಳಿ. ನಿಮ್ಮ ಕಣ್ಣು, ಕೈ, ಮೆಷಿನ್ ಮೂರೂ ತಣ್ಣಗಿರಲಿ. ಇದು ದೊಡ್ಡವರು ಹೇಳುವ ಮಾತು ಅನ್ನಿಸಿದರೆ ಅನ್ನಿಸಲಿ, ಹೇಳಬೇಕಾದವರು ಬಾಯಿ ಬಿಡುತ್ತಿಲ್ಲ.

ಬರಲಾಗದಿದ್ದರೆ ಯಾವ ಪೈಪು ಎಲ್ಲಿಗೆ ಎಂದಾದರೂ ತಿಳಿಸಿ. ಪ್ಲೀಸ್ ಅಪ್ಪ, ಬೇಗ ಉತ್ತರ ಬರೆಯಿರಿ.

ನಿಮ್ಮ
ಬಾಬಿನ್