ಪಟ್ಟಿಯಲ್ಲಿಲ್ಲದ ಅಭ್ಯರ್ಥಿ

ಗುಂಡ್ಲಹಳ್ಳಿ, ವರ್ತೂರು ಹೋಬಳಿ
23-4-2010, ಶುಕ್ರವಾರ

ಪ್ರೀತಿಯ ಮಗಳು ಆಶಾರಾಣಿಗೆ,

ಸೊಸೆಯನ್ನು ಮಗಳು ಎಂದು ಬರೆದರೆ ನಿನ್ನ ಗಂಡ ನಗುತ್ತಾನೆ, ನಗಲಿ. ನಿಮ್ಮಮ್ಮನ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾಯಿತಲ್ಲ, ಈಗ ಹೇಗಿದೆ? ಒಲೆಯ ಮುಂದೆ ಕೂರಲು ಬಿಡಬೇಡ. ಮಗು ಮಾವಿನಕಾಯಿ ತಿಂದು ಕೆಮ್ಮು ತಂದುಕೊಂಡೀತು, ಒಂದು ಕಣ್ಣಿಟ್ಟಿರು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಫೋನ್ ಮಾಡೋಣವೆಂದರೆ ಮನೆಗಿರುವ ಒಂದೇ ಫೋನು ನಿನ್ನ ಗಂಡ ವೆಂಕಟೇಶನ ಜೇಬು ಬಿಟ್ಟು ಈಚೆ ಬರುವುದಿಲ್ಲ. ಅದಕ್ಕೇ ಮಧ್ಯಾಹ್ನದ ಮೇಲೆ ನಿನ್ನ ತವರಿನ ಕಡೆಗೆ ಚಿಂತಾಮಣಿ ಬಸ್ಸು ಹಿಡಿಯುವ ಪಕ್ಕದ ಮನೆಯ ಸೊಣ್ಣಪ್ಪನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ನಮ್ಮ ವಾರ್ಡಿನ ಪಂಚಾಯಿತಿ ಸೀಟು ಈ ಸಲ ಮಹಿಳೆಗೆ ಮೀಸಲಾಯಿತು. ಸುದ್ದಿ ಬಂದ ದಿನ ನಿನ್ನ ಗಂಡ ಜಗಲಿಯ ಮೇಲೆ ಹತ್ತು ಜನರನ್ನು ಕೂರಿಸಿಕೊಂಡು ಭಾಷಣ ಬಿಗಿದ. "ಎಂಗಸ್ರಿಗೆ ಯೋಗ್ಯತೆ ಇದ್ರೆ ನಿಂತ್ಕಂಡು ಗೆಲ್ಲಲಿ ಕಣ್ರೀ. ಸುಮ್ಕೆ ಸೀಟು ಯಾಕ್ ಕೊಡ್ಬೇಕು?" ಎರಡು ಸಲ ಮೆಂಬರ್ ಆದವನ ಯೋಗ್ಯತೆ ನಾನು ಕಾಣದ್ದೇ? ಅಪ್ಪನ ಹೆಗಲ ಮೇಲೆ ಕಾಲಿಟ್ಟು ಅಟ್ಟ ಹತ್ತಿದವನಿಗೆ ಬೇರೆಯವರಿಗೆ ಏಣಿ ಕೊಟ್ಟರೆ ಕಣ್ಣುರಿ. ಹತ್ತು ವರ್ಷದಲ್ಲಿ ಮಾಡಿದ್ದು ಊರ ಬಾಗಿಲಿಗೆ ಒಂದು ಕಮಾನು, ಅದರ ಮೇಲೆ ತನ್ನದೇ ಹೆಸರು, ಮತ್ತೆ ನಮ್ಮ ಗೇಟಿನವರೆಗೆ ಬಂದು ನಿಂತುಹೋದ ಸಿಮೆಂಟ್ ರಸ್ತೆ. ಸಭೆಯ ನೋಟಿಸನ್ನು ಓದಿ ಹೇಳುತ್ತಿದ್ದವಳು ನೀನು, ಅಲ್ಲಿ ಏನು ಮಾತಾಡಬೇಕೆಂದು ಚೀಟಿ ಬರೆದುಕೊಡುತ್ತಿದ್ದವಳೂ ನೀನೇ. ಚೀಟಿ ಮರೆತುಹೋದ ದಿನ ಆ ಮಹಾಶಯ ಬರೀ ಟೀ ಕುಡಿದು ಬಂದಿದ್ದಾನೆ.

ಹಾಗಂತ ನಾನು ಮೀಸಲಾತಿಯನ್ನು ಹಾಡಿ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡ. ಪಕ್ಕದ ವಾರ್ಡಿನ ಭೀಮಪ್ಪನ ಹೆಂಡತಿ ಐದು ವರ್ಷ ಮೆಂಬರ್ ಆಗಿದ್ದಳು. ಪಂಚಾಯಿತಿ ಆಫೀಸಿನ ಬಾಗಿಲು ಯಾವ ದಿಕ್ಕಿಗಿದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳ ಸಹಿಯನ್ನೂ ಅವನೇ ಹಾಕುತ್ತಿದ್ದ. ಇಂಥ ಭಾಗ್ಯಕ್ಕೆ ಸೀಟು ಬೇರೆ ಕೇಡು.

ಭಾಷಣ ಮುಗಿದ ಮಾರನೆಯ ದಿನವೇ ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಹೆಸರಲ್ಲಿ ಕರಪತ್ರ ಅಚ್ಚಾಯಿತು ಕಣೇ! ಮದುವೆ ಫೋಟೋದಿಂದ ನಿನ್ನ ಮುಖ ಕತ್ತರಿಸಿ ಬೆಂಕಿಪೊಟ್ಟಣದಷ್ಟು ಹಾಕಿಸಿದ್ದಾನೆ, ಬಾಸಿಂಗ ಸಮೇತ. ಅವನ ಮುಖ ಮಾತ್ರ ಮೊರದಗಲ. ಬುಧವಾರ ತಮಟೆ ಹೊಡೆಸಿಕೊಂಡು ನಾಮಪತ್ರ ತರಲು ಹೋದ. ಅಲ್ಲಿ ಗುಮಾಸ್ತ ಮತದಾರರ ಪಟ್ಟಿ ತಿರುವಿ, "ಸಾರ್, ನಿಮ್ಮ ಮನೆಯವ್ರ ಹೆಸ್ರೇ ಇಲ್ವಲ್ಲ?" ಎಂದನಂತೆ. ಪಟ್ಟಿಯಲ್ಲಿ ಇಲ್ಲದವರು ನಿಲ್ಲುವ ಹಾಗಿಲ್ಲ. ಮದುವೆಯಾಗಿ ಒಂಬತ್ತು ವರ್ಷ, ಹೆಸರು ಸೇರಿಸಿ ಎಂದು ನೀನು ಕೇಳಿದಾಗಲೆಲ್ಲ "ನಿನ್ನೊಂದು ವೋಟಿಂದ ಏನಾಗ್ಬೇಕು, ಮುಂದಿನ್ ಸಲ ನೋಡಾಣ" ಎಂದವನು ಇವನೇ ತಾನೆ? ನಮ್ಮ ಶೀಟು ಮನೆಗಳಲ್ಲಿ ಬಾಡಿಗೆಗಿರುವ ರಾಯಚೂರು ಕಡೆಯ ಹದಿನೆಂಟು ಜನರನ್ನು ಮಾತ್ರ, ತನಗೆ ವೋಟು ಬೀಳಲಿ ಎಂದು, ಮುಂದೆ ನಿಂತು ಸೇರಿಸಿದ್ದ. ಬಾಡಿಗೆಯವರೆಲ್ಲ ಇದ್ದಾರೆ, ಹೆಂಡತಿ ಇಲ್ಲ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆ. ಆಮೇಲೆ ನಿನ್ನನ್ನು ನೆನೆದು ಹೊಟ್ಟೆ ಉರಿಯಿತು.

ಆ ಹದಿನೆಂಟು ಜನರಲ್ಲಿ ಗಾರೆ ಕೆಲಸದ ಹನುಮವ್ವನೂ ಒಬ್ಬಳು. ಬೆಳಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ನಾನು ಬೈಯುತ್ತಿದ್ದೆನಲ್ಲ, ಅವಳೇ. ನೀನು ಹೋದ ಮೇಲೆ ಬೋರ್‌ವೆಲ್ ಮೋಟಾರು ಸುಟ್ಟು ಒಂದು ವಾರ ನೀರಿರಲಿಲ್ಲ. ನಿನ್ನ ಗಂಡ "ಮೇಲಕ್ಕೆ ಬರ್ದಿದೀನಿ" ಎನ್ನುತ್ತಾ ಇಸ್ತ್ರಿ ಅಂಗಿ ಹಾಕಿಕೊಂಡು ಓಡಾಡಿದ. ಹನುಮವ್ವ ಮೂವತ್ತು ಹೆಂಗಸರನ್ನು ಖಾಲಿ ಕೊಡಗಳ ಸಮೇತ ಪಂಚಾಯಿತಿ ಮೆಟ್ಟಿಲ ಮೇಲೆ ಕೂರಿಸಿ, "ಮೋಟಾರ್ ಬರೂತನ ನಾವ್ ಏಳೂದಿಲ್ರಿ ಸಾಹೇಬ್ರ" ಎಂದಳು. ಸಂಜೆಗೆ ಮೋಟಾರು ಬಂತು. ಈಗ ಅವಳು ಚುನಾವಣೆಗೆ ನಿಲ್ಲುತ್ತೇನೆ ಎನ್ನುತ್ತಿದ್ದಾಳೆ. ಅದಕ್ಕೆ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಯೋಗ್ಯತೆ ಯೋಗ್ಯತೆ ಎಂದು ಬಡಿದುಕೊಂಡವನು ಶೀಟು ಮನೆಗಳ ಮುಂದೆ ಹೋಗಿ, "ಸಹಿ ಆಕಿದೋರು ಅವತ್ತೇ ಮನೆ ಖಾಲಿ ಮಾಡ್ಬೇಕು" ಎಂದು ಹೇಳಿಬಂದಿದ್ದಾನೆ. ಯಾರೂ ಹಾಕಿಲ್ಲ. ಇವತ್ತು ಮೂರು ಗಂಟೆಗೆ ಗಡುವು ಮುಗಿಯುತ್ತದೆ.

ಅವನ ಅಭ್ಯರ್ಥಿ ಯಾರು ಎಂದೆಯಾ? ನಾನು. ನಿನ್ನೆ ಉಣ್ಣುತ್ತಾ, ಉಪ್ಪಿನಕಾಯಿ ಕೇಳಿದ ಹಾಗೆ ಹೇಳಿದ: "ಅಮ್ಮೋ, ನೀನು ಸುಮ್ಕೆ ಎಬ್ಬೆಟ್ಟೊತ್ತು, ಮಿಕ್ಕಿದ್ದು ನಾನ್ ನೋಡ್ಕತೀನಿ." ಏಳನೇ ಕ್ಲಾಸು ಪಾಸಾದವಳು ನಾನು. ಅವನಿಗೆ ಅಕ್ಷರ ತಿದ್ದಿಸಿದ ಕೈ ಇದು. ಬೇಡ ಎಂದರೆ ಹೆತ್ತ ಮಗನ ಮಾನ ಊರ ಮುಂದೆ ಹೋಗುತ್ತದೆ, ಹೂಂ ಎಂದರೆ ಇನ್ನೈದು ವರ್ಷ ನಾನು ಬರೀ ಹೆಬ್ಬೆಟ್ಟು. ಕಾರು ತರಲು ಹೋಗಿದ್ದಾನೆ. ಏನು ಮಾಡಲಿ ಎಂದು ತಿಳಿಯುತ್ತಿಲ್ಲ.

ನಿಮ್ಮಮ್ಮನನ್ನು ಕೇಳಿದೆನೆಂದು ಹೇಳು. ಮಗುವಿಗೆ ನನ್ನ ಪರವಾಗಿ ಎರಡು ಮುತ್ತು ಕೊಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ನಾಗಲಕ್ಷ್ಮಮ್ಮ

ತಾ.ಕ.: ಸೊಣ್ಣಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಆಫೀಸಿಗೆ ಹೋಗಿಬಂದೆ. ನಿನ್ನ ಗಂಡ ಭರ್ತಿ ಮಾಡಿದ ನಾಮಪತ್ರವನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಹೆಬ್ಬೆಟ್ಟೊತ್ತಿ ಕೊಡು ಎಂದು ಬೆಂಚಿನ ಮೇಲೆ ಕೂರಿಸಿ, ಆಚೆ ಹಾರ ಹಾಕಿಸಿಕೊಳ್ಳಲು ಹೋದ. ಹನುಮವ್ವ ಅದೇ ಬೆಂಚಿನ ತುದಿಯಲ್ಲಿ ಸಹಿಯಿಲ್ಲದ ಕಾಗದ ಹಿಡಿದು ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ನಾನೇ ಅವಳ ಕೈಯಿಂದ ಅದನ್ನು ಇಸಿದುಕೊಂಡು ಸೂಚಕರ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಅವಳು ಒಳಗೆ ಹೋಗಿ ಕೊಟ್ಟುಬಂದಳು. ಶೀಟು ಮನೆಗಳ ಖಾತೆ ನನ್ನ ಹೆಸರಲ್ಲಿದೆ, ಅವಳನ್ನು ಯಾರು ಖಾಲಿ ಮಾಡಿಸುತ್ತಾರೋ ನೋಡುತ್ತೇನೆ. ಮೂರು ಹೊಡೆದ ಮೇಲೆ ಇವನು ಬಂದು "ಆಯ್ತಾ ಅಮ್ಮೋ?" ಎಂದ. ಆಯಿತು ಎಂದೆ. ನನ್ನ ನಾಮಪತ್ರ ನನ್ನ ಚೀಲದಲ್ಲೇ ಇದೆ, ಅವನಿಗೆ ಇನ್ನೂ ಗೊತ್ತಿಲ್ಲ. ಐದು ಗಂಟೆಗೆ ಬೋರ್ಡಿಗೆ ಹೆಸರು ಅಂಟಿಸುತ್ತಾರೆ. ಅದನ್ನು ನೋಡಿ, ರಾತ್ರಿಗೆ ಅವನು ಮೊದಲು ಫೋನ್ ಮಾಡುವುದು ನಿನಗೇ. ಅಮ್ಮನಿಗೆ ತಲೆ ಕೆಟ್ಟಿದೆ ಎನ್ನುತ್ತಾನೆ. ಹೌದು ಎನ್ನಬೇಡ ಮಗಳೇ.