ಅಪ್ಪನ ಮೂಗು, ಅಳಿಯನ ಕಾಗದ

ಮೂರನೇ ಮಹಡಿಯ ಬಾಡಿಗೆ ಮನೆ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ತಲೆನೋವು ಇಳಿಯಿತೇ? "ಬಿಸಿಲಿಗಮ್ಮಾ, ಬಂಕಲ್ಲಿ ನೆರಳೆಲ್ಲಿದೆ" ಎಂದು ಫೋನಿನಲ್ಲಿ ಜಾರಿಕೊಂಡೆಯಲ್ಲ, ಅದಕ್ಕೇ ಈ ಕಾಗದ. ಫೋನಾದರೆ ನಡುವೆ ಬಾಯಿ ಹಾಕುತ್ತೀಯ. ನನ್ನ ಒತ್ತಕ್ಷರದ ತಪ್ಪುಗಳನ್ನು ನೋಡಿ ನಕ್ಕುಬಿಡು, ಆದರೆ ಪೂರ್ತಿ ಓದು.

ನಾನಿಲ್ಲಿ ಎಷ್ಟು ಖುಷಿಯಾಗಿದ್ದೇನೆ ಎಂದು ಹೇಗೆ ಬರೆಯಲಿ. ಇವರು ಕೆಲಸದಿಂದ ಬರುವ ಹೊತ್ತಿಗೆ ಇನ್ನೂ ಕಿಟಕಿಗೆ ಅಂಟಿಕೊಂಡು ನಿಲ್ಲುತ್ತೇನೆ. ಪಕ್ಕದ ಮನೆಯ ಅಜ್ಜಿ "ಗಂಡ ಎಲ್ಲೂ ಓಡಿಹೋಗಲ್ಲ, ಬಾ ಕೂತ್ಕೋ" ಎಂದು ಅಣಕಿಸುತ್ತಾರೆ. ಮೊನ್ನೆ ಇವರು ಪೆಟ್ರೋಲ್ ಪರೀಕ್ಷೆ ಮಾಡುವ ತಮ್ಮ ಲ್ಯಾಬಿಗೆ ನನ್ನನ್ನೂ ಕರೆದೊಯ್ದರು. ಪೆಟ್ರೋಲ್ ಎಂದರೆ ಒಂದೇ ವಸ್ತು ಎಂದುಕೊಂಡಿದ್ದೆ ಅಪ್ಪಾ. ಅದು ನೂರಾರು ಜನರ ಕೂಡುಕುಟುಂಬವಂತೆ. ಕೆಲವರು ಮುಚ್ಚಳ ತೆಗೆದದ್ದೇ ತಡ ಹಾರಿಹೋಗುತ್ತಾರೆ, ಕೆಲವರು ಸೋಮಾರಿಗಳು, ಕೊನೆಗೆ ಏಳುತ್ತಾರೆ. ಸೋಸುವ ಕಾಗದದ ಮೇಲೆ ನಾನೇ ಒಂದು ಹನಿ ಬಿಟ್ಟೆ. ನೋಡನೋಡುತ್ತಲೇ ಮಾಯ, ಕಲೆಯೂ ಇಲ್ಲ. ಸೀಮೆಎಣ್ಣೆ ಬೆರೆತದ್ದು ಮಾತ್ರ ಜಿಡ್ಡಿನ ಗುರುತು ಬಿಟ್ಟು ಕೂತಿತು. ಸಂತೋಷಕ್ಕೆ ಚಪ್ಪಾಳೆ ತಟ್ಟಿದೆ. ಇಡೀ ಲ್ಯಾಬು ತಿರುಗಿ ನೋಡಿತು.

ಆ ಕುಟುಂಬದಲ್ಲಿ ಬೆಂಜೀನ್ ಎಂಬ ಸಿಹಿವಾಸನೆಯವನೊಬ್ಬನಿದ್ದಾನೆ. ಇರುವುದು ಚೂರೇ ಚೂರು, ಆದರೆ ಮನೆಹಾಳ. ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೊಕ್ಕರೆ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗಕ್ಕೇ ಕೈಹಾಕುತ್ತಾನಂತೆ. ಕೇಳಿದ್ದೇ ನೀನು ನೆನಪಾದೆ ಅಪ್ಪಾ. ಲೋಡು ಬಂದಾಗಲೆಲ್ಲ ನೀನು ಟ್ಯಾಂಕರ್ ಹತ್ತಿ, ಮುಚ್ಚಳ ತೆಗೆದು, ಒಳಗೆ ತಲೆ ತೂರಿಸಿ ಮೂಸಿ, "ಶುದ್ಧ, ಇಳಿಸ್ರಪ್ಪಾ" ಎನ್ನುವುದನ್ನು ನೋಡುತ್ತ ಬೆಳೆದವಳು ನಾನು. ನಿನ್ನ ಅಂಗಿಯ ಆ ವಾಸನೆ ಮೂಗಿಗೆ ಬಿದ್ದರೇನೇ ಆಗ ನನಗೆ ನಿದ್ದೆ ಬರುತ್ತಿದ್ದದ್ದು.

ಕಳೆದ ತಿಂಗಳು ನಮ್ಮ ಮನೆ ನೋಡಲು ಬಂದಾಗ, ಇವರು ತಮಾಷೆಗೆ ಪೆಟ್ರೋಲಿನ ಎರಡು ಪುಟ್ಟ ಸೀಸೆ ನಿನ್ನ ಮೂಗಿಗೆ ಹಿಡಿದರಲ್ಲ, ನೀನು ಎರಡನ್ನೂ ಶುದ್ಧ ಎಂದೆ. ಒಂದರಲ್ಲಿ ಕಾಲುಭಾಗ ಸೀಮೆಎಣ್ಣೆಯಿತ್ತು ಅಪ್ಪಾ. ಅಡುಗೆಮನೆಯಲ್ಲಿದ್ದ ನನಗೇ ವಾಸನೆ ಹೊಡೆದಿತ್ತು. "ಮಾವ ಹೇಳಿದ್ಮೇಲೆ ಮುಗೀತು" ಎಂದು ಇವರು ಸೀಸೆ ಎತ್ತಿಟ್ಟರು. ನಿನ್ನೆ ನಾನು ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟರು: "ಮಾವನ ಮೂಗು ದಣಿದಿದೆ ಕಣೇ. ಮೂಗು ಹೋದ್ರೆ ಹೋಗ್ಲಿ, ರಕ್ತ ಒಂದ್ಸಲ ನೋಡಿಸ್ಬೇಕು."

ಹೆದರಬೇಡ, ಏನೂ ಇಲ್ಲದೆಯೂ ಇರಬಹುದು. ಇನ್ನು ಮೇಲೆ ಮುಚ್ಚಳ ತೆಗೆದಾಗ ಗಾಳಿ ಬೆನ್ನಿಗೆ ಬೀಸುವಂತೆ ದೂರ ನಿಲ್ಲು. ಶುದ್ಧವೋ ಅಲ್ಲವೋ, ಆ ಸೋಸುವ ಕಾಗದ ಹೇಳಲಿ. ಒಂದು ಕಟ್ಟು ಇದರ ಜೊತೆಗೇ ಕಳಿಸಿದ್ದೇನೆ.

ಅಮ್ಮನ ಎರಡೂ ಕೆನ್ನೆಗೆ ನನ್ನ ಮುತ್ತು ತಲುಪಿಸು, ನಾಚಬೇಡ. ಅಳಿಯಂದಿರ ನಮಸ್ಕಾರ.

ನಿನ್ನ
ವಟವಟ ಮಗಳು

ಮರೆತೆ: ಬಂಕಿನ ಯಜಮಾನರಿಗೆ ಆಗಲೇ ಫೋನು ಮಾಡಿ ಬುಧವಾರ ನಿನಗೆ ರಜೆ ಕೇಳಿಬಿಟ್ಟೆ. "ಯಾಕಮ್ಮಾ?" ಎಂದರು. ಎಲ್ಲವನ್ನೂ ಹೇಳಿದೆ, ನಿನ್ನ ಮೂಗಿನ ವಿಷಯವನ್ನೂ. ಕೋಪ ಬಂದೀತು, ಬರಲಿ. ಬೈಯುವುದಕ್ಕಾದರೂ ಮೊದಲ ಬಸ್ಸಿಗೆ ಬಾ. ಇಲ್ಲಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಹೇಳಿಟ್ಟಿದ್ದೇವೆ. ಸೂಜಿ ಚುಚ್ಚುವಾಗ ಇನ್ನೊಂದು ಕೈ ನಾನು ಹಿಡಿದಿರುತ್ತೇನೆ, ಬೈಗುಳವನ್ನು ಆಗಲೇ ಶುರುಮಾಡು.